ಬಗ್ಗಿ ಗಾಡಿ ಕಟ್ಟುತ್ತೀರಾ? ಪೈಪು ಕೊಳ್ಳುವ ಮೊದಲು ಇಷ್ಟು ನೋಡಿ

ಮಂಗಳೂರು, ಉಡುಪಿ ಕಡೆ ಮನೆಯಂಗಳದಲ್ಲೇ ಆಫ್‌ರೋಡ್ ಬಗ್ಗಿ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ಪೈಪಿನ ಚೌಕಟ್ಟಿನ ಗಾಡಿ, ಕಟ್ಟಲು ಹೊರಡುವವರು ಎಂಜಿನ್ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ಪೈಪಿನ ವಿಷಯ ಬಂದರೆ ಮಾತ್ರ ಬಂದರಿನ ಅಂಗಡಿಗೆ ಹೋಗಿ "ಒಂದಿಂಚು ಪೈಪು ಕೊಡಿ" ಅಂತಾರೆ, ಕೊಟ್ಟದ್ದನ್ನು ತರುತ್ತಾರೆ. ಗಾಡಿ ಮಗುಚಿದರೆ ತಲೆ ಉಳಿಸಬೇಕಾದದ್ದು ಅದೇ ಪೈಪು, ಅಲ್ವಾ?

1. ಬೇಡದ್ದನ್ನು ಮೊದಲೇ ಬಿಡಿ. ನೀರಿನ ಜಿಐ (ಸತು ಲೇಪಿಸಿದ) ಪೈಪು ಬೇಡ. ವೆಲ್ಡಿಂಗ್ ಮಾಡುವಾಗ ಅದರ ಸತು ಹೊಗೆಯಾಗಿ ಏಳುತ್ತದೆ, ಉಸಿರಿಗೆ ಹೋದರೆ ಚಳಿಜ್ವರ ಬರುತ್ತದೆ. ಕುರ್ಚಿ, ಮೇಜಿನ ತೆಳು ಪೈಪೂ ಬೇಡ. ಗುಜರಿ ಮಾಲು ಅಗ್ಗ ನಿಜ, ಆದರೆ ನಮ್ಮ ಉಪ್ಪು ಗಾಳಿಗೆ ಒಳಗೆಷ್ಟು ತುಕ್ಕು ಹಿಡಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

2. ಸಿಡಿಡಬ್ಲ್ಯು ಕೇಳಿ. ವೆಲ್ಡ್ ಮಾಡಿ, ಆಮೇಲೆ ತಣ್ಣಗೆ ಎಳೆದ ಟ್ಯೂಬು ಇದು. ವಾಹನಗಳ ಟ್ಯೂಬಿಗೆ ಐಎಸ್ 3074 ಎಂಬ ಮಾನದಂಡವೇ ಇದೆ, ಅದರ ಸರ್ಟಿಫಿಕೇಟ್ ಕೇಳಲು ಸಂಕೋಚ ಬೇಡ. ಸಿಗದಿದ್ದರೆ ಒಳ್ಳೆಯ ಇಆರ್‌ಡಬ್ಲ್ಯು ಟ್ಯೂಬು, ಅಂದರೆ ವಿದ್ಯುತ್ತಿನಿಂದ ಬೆಸೆದು ಹಾಗೇ ಬಿಟ್ಟದ್ದು, ಸಾಕು. ಕ್ರೋಮೋಲಿ 4130 ಎಂಬ ಮಿಶ್ರ ಉಕ್ಕಿನ ಆಸೆ ಬಿಡಿ. ಅದು ಗಟ್ಟಿ ಹೌದು, ಆದರೆ ಟಿಗ್ ವೆಲ್ಡಿಂಗ್ ಚೆನ್ನಾಗಿ ಬಲ್ಲವರು ಬೇಕು. ಇಲ್ಲದಿದ್ದರೆ ಬೆಸುಗೆಯ ಪಕ್ಕದಲ್ಲೇ ಪೆಡಸಾಗಿ ಬಿರುಕು ಬಿಡುತ್ತದೆ.

3. ಅಳತೆ. ಎಲ್ಲರೂ ಎಡವುವುದು ಇಲ್ಲೇ. ನೀರಿನ ಪೈಪಿನ "ಒಂದಿಂಚು" ಹೊರಗಿನಿಂದ ಅಳೆದರೆ ಸುಮಾರು 33.7 ಮಿ.ಮೀ. ಟ್ಯೂಬಿನ ಒಂದಿಂಚು 25.4 ಮಿ.ಮೀ. ಹಾಗಾಗಿ ಇಂಚಿನ ಮಾತೇ ಬೇಡ, ಹೊರ ಅಳತೆ ಮತ್ತು ಗೋಡೆಯ ದಪ್ಪ ಎರಡನ್ನೂ ಮಿ.ಮೀ.ನಲ್ಲಿ ಹೇಳಿ.

ದಪ್ಪ ಗೋಡೆಯೇ ಗಟ್ಟಿ ಎಂದು ತಿಳಿಯಬೇಡಿ. 25×3 ಟ್ಯೂಬು (ಹೊರ ಅಳತೆ 25, ಗೋಡೆ 3 ಮಿ.ಮೀ.) ಮೀಟರಿಗೆ 1.63 ಕೆ.ಜಿ., 32×2 ಟ್ಯೂಬು 1.48 ಕೆ.ಜಿ. ಹಗುರವಾದ ಈ ಎರಡನೆಯದು ಬಾಗದೆ ನಿಲ್ಲುವುದರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಉಕ್ಕು ಮಧ್ಯದಿಂದ ದೂರ ಇದ್ದಷ್ಟೂ ಬಿಗಿ. ಮಾರುತಿ 800 ಎಂಜಿನ್ ಕೂರಿಸುವುದಾದರೆ ಚಾಲಕನ ಹಿಂದಿನ ಮುಖ್ಯ ಕಮಾನಿಗೆ 38×2.5, ಉಳಿದ ಮುಖ್ಯ ಭಾಗಗಳಿಗೆ 32×2 ಹಾಕಿ. ಸಣ್ಣ ಆಧಾರಗಳಿಗೆ 25×2 ಸಾಕು.

ಅಂಗಡಿಯಲ್ಲಿ "2 ಎಂಎಂ" ಎಂದು ಹೇಳಿದ್ದನ್ನು ಸುಮ್ನೆ ನಂಬಬೇಡಿ. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಜೊತೆಗಿರಲಿ. ಕತ್ತರಿಸಿದ ತುದಿಯ ಮುಳ್ಳು ತೆಗೆದು, ನಾಲ್ಕು ಕಡೆ ಅಳೆಯಿರಿ. ಇನ್ನೂ ಒಳ್ಳೆಯದು ತೂಕ. ಹೊರ ಅಳತೆಯಲ್ಲಿ ದಪ್ಪ ಕಳೆಯಿರಿ, ದಪ್ಪದಿಂದ ಗುಣಿಸಿ, ಮತ್ತೆ 0.0247ರಿಂದ ಗುಣಿಸಿ. ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. ಆರು ಮೀಟರಿನ 32×2 ಟ್ಯೂಬು 8.9 ಕೆ.ಜಿ. ತೂಗಬೇಕು. 8 ಕೆ.ಜಿ. ಬಂದರೆ ಗೋಡೆ 1.8 ಮಿ.ಮೀ. ಮಾತ್ರ. ವಾಪಸ್ ಕೊಡಿ.

4. ಒಂದು ತುಂಡು ಹಿಂಡಿ ನೋಡಿ. ಎರಡಿಂಚು ಕತ್ತರಿಸಿ, ಟ್ಯೂಬಿನ ಉದ್ದಕ್ಕೂ ಇರುವ ಬೆಸುಗೆ ಗೆರೆ ಪಕ್ಕಕ್ಕೆ ಬರುವಂತೆ ವೈಸ್‌ನಲ್ಲಿಟ್ಟು ಒತ್ತಿ. ಗೆರೆ ಬಾಯಿ ಬಿಟ್ಟರೆ ಆ ಮಾಲು ಬೇಡ.

5. ಬಗ್ಗಿಸುವುದನ್ನು ಯೋಚಿಸಿಯೇ ಕೊಳ್ಳಿ. ಪ್ಲಂಬರ್‌ಗಳ ಹೈಡ್ರಾಲಿಕ್ ಬೆಂಡರಿನ ಅಚ್ಚು ನೀರಿನ ಪೈಪಿನ ಅಳತೆಯದು. 32ರ ಟ್ಯೂಬು ಅದರಲ್ಲಿ ಸಡಿಲವಾಗಿ ಕೂತು ಚಪ್ಪಟೆಯಾಗುತ್ತದೆ. ಮರಳು ತುಂಬಿ ಗ್ಯಾಸಿನಲ್ಲಿ ಕಾಯಿಸುವ ಉಪಾಯವೂ ಬೇಡ, ತಿರುವಿನ ಹೊರಮೈ ಎಲ್ಲಿ ಎಷ್ಟು ತೆಳುವಾಯಿತು ಎಂದೇ ತಿಳಿಯುವುದಿಲ್ಲ. ಸರಿಯಾದ ಅಚ್ಚಿರುವ ಟ್ಯೂಬ್ ಬೆಂಡರ್ ಎಲ್ಲಿದೆ ಎಂದು ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ವರ್ಕ್‌ಶಾಪುಗಳಲ್ಲಿ ವಿಚಾರಿಸಿ, ಅಚ್ಚಿನ ಅಳತೆ ಕೇಳಿಕೊಂಡ ಮೇಲೆ ಟ್ಯೂಬು ತನ್ನಿ. ತಿರುವಿನ ತ್ರಿಜ್ಯ ಟ್ಯೂಬಿನ ಹೊರ ಅಳತೆಯ ಮೂರು ಪಟ್ಟಾದರೂ ಇರಲಿ. ಬೆಸುಗೆ ಗೆರೆ ತಿರುವಿನ ಒಳಕ್ಕೂ ಹೊರಕ್ಕೂ ಬಾರದೆ ಬದಿಯಲ್ಲಿರಲಿ.

ಮಳೆಗಾಲಕ್ಕೆ ಮುಂಚೆ ತಂದಿಟ್ಟರೆ ಎಣ್ಣೆ ಸವರಿ, ತುದಿಗಳನ್ನು ಮುಚ್ಚಿ, ನೆಲದಿಂದ ಎತ್ತರದಲ್ಲಿಡಿ. ಫ್ರೇಮು ಮುಗಿದ ಮೇಲೆ ತೆರೆದ ತುದಿಗಳಿಗೆಲ್ಲ ತಗಡಿನ ಮುಚ್ಚಳ ವೆಲ್ಡ್ ಮಾಡಿಸಿ.