‘ಅನ್‌ಯೂಸ್ಡ್’ ಗುರುತು ಹಚ್ಚುವ ಮೊದಲು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನ ಬಳಿ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಹುಡುಗನೊಬ್ಬ ಬ್ಯಾಡಗಿ ಮೆಣಸಿನಕಾಯಿ ತೂಗುವ ಯಂತ್ರಕ್ಕೆ ಪ್ರೋಗ್ರಾಂ ಬರೆದಿದ್ದ. ಒಟ್ಟು ತೂಕದಲ್ಲಿ ಖಾಲಿ ಚೀಲದ ತೂಕ ಕಳೆಯಬೇಕಲ್ವಾ? ಅದು ಕಳೆದೇ ಇರಲಿಲ್ಲ. ಚೀಲದ ತೂಕ ಇಟ್ಟ ‘ಬ್ಯಾಗ್’ ವೇರಿಯಬಲ್‌ಗೆ ‘ಆಟ್ರಿಬ್ಯೂಟ್ ಅನ್‌ಯೂಸ್ಡ್’ ಎಂಬ ಗುರುತಿತ್ತು. ಅಂದರೆ, ಇದನ್ನು ಬಳಸದಿದ್ದರೂ ವಾರ್ನಿಂಗ್ ಕೊಡಬೇಡ ಎಂದು ಕಂಪೈಲರ್‌ಗೆ ಹೇಳುವ ಗುರುತು. “ವಾರ್ನಿಂಗ್ ಬರಾಕತ್ತಿತ್ರಿ ಸರ್, ಅದಕ್ಕ ಹಚ್ಚೇನ್ರಿ” ಎಂದ. ಆ ವಾರ್ನಿಂಗ್ ಅವನ ತಪ್ಪನ್ನೇ ತೋರಿಸುತ್ತಿತ್ತು!

ಹಾಗಾಗಿ ಮೊದಲು ಗುರುತುಗಳನ್ನೆಲ್ಲ ತೆಗೆಯಿರಿ. ‘ಡಬ್ಲ್ಯೂ ಆಲ್’, ‘ಡಬ್ಲ್ಯೂ ಎಕ್ಸ್‌ಟ್ರಾ’ ಎಂಬ ವಾರ್ನಿಂಗ್ ಆಯ್ಕೆಗಳೆರಡನ್ನೂ ಹಾಕಿ ಕಂಪೈಲ್ ಮಾಡಿ. ಬಳಸದ ವೇರಿಯಬಲ್ ಮೊದಲನೆಯದರಲ್ಲೇ ಸಿಗುತ್ತದೆ. ಫಂಕ್ಷನ್ನಿನ ಬಳಸದ ಪ್ಯಾರಾಮೀಟರ್‌ಗೆ ಎರಡೂ ಬೇಕು.

ಈಗ ಒಂದೊಂದೇ ವಾರ್ನಿಂಗ್ ಓದಿ. ಅವಸರ ಬೇಡ. ಈ ವೇರಿಯಬಲ್ ಯಾಕೆ ಬರೆದೆ ಎಂದು ನೆನಪಿಸಿಕೊಳ್ಳಿ. ಬೇಕಾದದ್ದೇ ಆದರೆ ಬಿಟ್ಟುಹೋದ ಸಾಲು ಸೇರಿಸಿ. ಬೇಡವಾದರೆ ಅಳಿಸಿ. ಹೆಚ್ಚಿನವು ಇಲ್ಲೇ ಮುಗಿಯುತ್ತವೆ.

ನಮ್ಮ ಹುಡುಗ ಕಳೆಯುವ ಸಾಲು ಸೇರಿಸಿದ, ಆದರೆ ಗುರುತು ಹಾಗೇ ಬಿಟ್ಟ. ನಾವು ಬಳಸುವ ಜಿಸಿಸಿ ಕಂಪೈಲರ್ ಏನೂ ಹೇಳಲಿಲ್ಲ. ಅದರ ಪ್ರಕಾರ ಈ ಗುರುತಿಗೆ ‘ಬಳಸದೇ ಇರಬಹುದು’ ಎಂದಷ್ಟೇ ಅರ್ಥ. ಆದರೆ ಕೋಡ್ ಓದುವವರು ಇದು ಬೇಡದ್ದು ಎಂದುಕೊಂಡು ಅಳಿಸಲು ಹೋಗುತ್ತಾರೆ. ಇಂಥದ್ದನ್ನು ಹಿಡಿಯಲು ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ಬೇಕು. ಅದರಲ್ಲಿ ‘ಯೂಸ್ಡ್ ಬಟ್ ಮಾರ್ಕ್ಡ್ ಅನ್‌ಯೂಸ್ಡ್’ ಎಂಬ ವಾರ್ನಿಂಗ್ ಇದೆ. ‘ಡಬ್ಲ್ಯೂ ಆಲ್’ ಹಾಕಿದರೆ ಇದು ಬರುವುದಿಲ್ಲ, ಹೆಸರು ಹೇಳಿಯೇ ಹಾಕಬೇಕು. ಹಾಕಿದೆವು. ‘ಬ್ಯಾಗ್’ ಇದ್ದ ಸಾಲನ್ನೇ ತೋರಿಸಿತು.

ಗುರುತು ನಿಜವಾಗಿ ಬೇಕಾಗುವ ಜಾಗವೂ ಇದೆ. ಷರತ್ತು ನಿಜವೇ ಎಂದು ಪರೀಕ್ಷಿಸುವ ‘ಅಸರ್ಟ್’ ಒಳಗೆ ಮಾತ್ರ ಬಳಸಿದ ವೇರಿಯಬಲ್ ನೋಡಿ. ‘ಎನ್‌ಡಿಬಗ್’ ಎಂಬ ಮ್ಯಾಕ್ರೋ ಹಾಕಿ ಕಂಪೈಲ್ ಮಾಡಿದರೆ ಅಸರ್ಟ್ ಮಾಯವಾಗುತ್ತದೆ, ವೇರಿಯಬಲ್ ಒಂಟಿಯಾಗಿ ಉಳಿಯುತ್ತದೆ. ಒಂದು ಸಲ ಬಳಕೆ, ಇನ್ನೊಂದು ಸಲ ಇಲ್ಲ. ಇಲ್ಲಿ ಸಿ ಭಾಷೆಯ ಸಿ23 ಆವೃತ್ತಿಯ ‘ಮೇಬಿ ಅನ್‌ಯೂಸ್ಡ್’ ಹಾಕಿ. ಹೆಸರಿನಲ್ಲೇ ‘ಮೇಬಿ’ ಇದೆ, ಹಾಗಾಗಿ ಬಳಸಿದರೂ ಕ್ಲಾಂಗ್ ತಕರಾರು ಮಾಡುವುದಿಲ್ಲ. ಜಿಸಿಸಿ 15ರಲ್ಲಿ ಸಿ23 ತಾನಾಗಿಯೇ ಇರುತ್ತದೆ. ಲ್ಯಾಬಿನಲ್ಲಿ ತೀರಾ ಹಳೆಯ ಕಂಪೈಲರ್ ಇದ್ದರೆ, ವೇರಿಯಬಲ್ ಹೆಸರಿಗೆ ಮೊದಲು ಬ್ರಾಕೆಟ್‌ನಲ್ಲಿ ‘ವಾಯ್ಡ್’ ಬರೆದು ಒಂದು ಸಾಲು ಹಾಕಿ. ಯಾಕೆ ಎಂದು ಪಕ್ಕದಲ್ಲಿ ಒಂದು ಕಾಮೆಂಟ್ ಬರೆಯುವುದನ್ನು ಮಾತ್ರ ಬಿಡಬೇಡಿ.