ಹೊಳಿ ಏರೂದ್ರಾಗ ಹರಿಗೋಲು ಮ್ಯಾಲ ತಗೋರಿ

ಭೀಮಾ ದಂಡಿ ಅಣ್ಣಾರಿಗೆ, ತಮ್ಮಂದಿರಿಗೆ ಕೈಮುಗಿದು ಹೇಳ್ತೀನ್ರಿ, 2020ರ ಅಕ್ಟೋಬರ್‌ದಾಗ ಬಂಗಾಳ ಕೊಲ್ಲಿ ವಾಯುಭಾರ ಕುಸಿತದ ಮಳಿ ಇಲ್ಲಿತನಕ ಬಂದು, ಮ್ಯಾಲ ಮಹಾರಾಷ್ಟ್ರದ ಉಜನಿ ಡ್ಯಾಂ ನೀರೂ ಸೇರಿ ಹೊಳಿ ಹೆಂಗ ಉಕ್ಕಿತ್ತು ನೆನಪದಲ್ಲ. ನಮ್ಮ ಹರಿಗೋಲು ಆಗ್ಲೇ ಹೋಯ್ತು, ದಂಡಿ ಗೂಟಕ್ಕ ಗಿಡ್ಡ ಹಗ್ಗದಾಗ ಬಿಗಿಯಾಗಿ ಕಟ್ಟಿದ್ವಿ, ನೀರು ಏರಿದಂಗ ಹಗ್ಗ ಕೆಳಗ ಜಗ್ಗಿ ಅದನ್ನ ಮುಳುಗಿಸೇ ಬಿಡ್ತು.

ಅದಕ್ಕ ಡ್ಯಾಂ ನೀರು ಬಿಡ್ತಾರಂತ ಸುದ್ದಿ ಬಂದ ಕೂಡ್ಲೇ ನಾಕ್ ಮಂದಿ ಸೇರಿ ಎತ್ತಿ ಎತ್ತರದ ಜಾಗಕ್ಕ ಒಯ್ರಿ, ಬೋರಲು ಹಾಕ್ರಿ, ಇಲ್ಲಾಂದ್ರ ಮಳಿ ನೀರು ತುಂಬಿ ಬಿದಿರು ಕೊಳಿತದ. ಬೋರಲು ಹಾಕಿದ್ಮ್ಯಾಗೂ ಗಾಳಿಗಿ ಉರುಳ್ತದ, ಗುಂಡಗ ಇರ್ತದಲ್ರಿ, ಹಂಗಾಗಿ ಮ್ಯಾಲಿಂದ ಅಡ್ಡ ಎರಡು ನೈಲಾನ್ ಹಗ್ಗ ಹಾಯಿಸಿ ಬೇವಿನ ಗಿಡದ ಬುಡಕ್ಕ ಕಟ್ರಿ. ಹುಟ್ಟು, ಮೀನು ಹಿಡಿಯೋ ಬಲಿ ಮನ್ಯಾಗ ಇಡ್ರಿ. ತಳದ ಡಾಂಬರು ಬಿರುಕು ಬಿಟ್ಟಿದ್ರ ಬಿಸಿಲಿದ್ದಾಗ್ಲೇ ಹಚ್ಚಿ ಒಣಗಿಸ್ರಿ, ಹಸಿ ಮ್ಯಾಲ ಹಿಡಿಯಂಗಿಲ್ಲ.

ಪ್ರವಾಹದಾಗ ಬಲಿ ಬಿಡ್ಸಾಕಂತ ಯಾರೂ ಇಳೀಬ್ಯಾಡ್ರಿ, ದೊಡ್ಡ ದೊಡ್ಡ ಮರ ತೇಲಿ ಬರ್ತಾವ, ಒಂದು ಬಡದ್ರ ಹರಿಗೋಲು ಹರಿದೇ ಹೋಗ್ತದ. ಯಾರರ ಸಿಕ್ಕೊಂಡಿದ್ರ 112ಕ್ಕ ಫೋನ್ ಹಚ್ರಿ.