ಸುಸ್ತಾದವು ಬೇರೆ, ಸತ್ತವು ಬೇರೆ: ಮೆಲನೋಮಾ ಎದುರು ಟಿ ಕೋಶಗಳು

"ಇಮ್ಯುನಿಟಿ ಕಡಿಮೆ ಇದ್ದದ್ದಕ್ಕೇ ಕ್ಯಾನ್ಸರ್ ಬಂತು, ಅಲ್ವಾ?" ಪುಣೆಯ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಇಲ್ಲಿನ ಒಂದು ಲ್ಯಾಬಿನಲ್ಲಿ ನಾನು ಮೆಲನೋಮಾ ಮೇಲೆ ಕೆಲಸ ಮಾಡುತ್ತೇನೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಜೀವ ತೆಗೆಯುವುದು ಇದೇ. ನಮ್ಮವರಲ್ಲಿ ಅಂಗಾಲಿನಲ್ಲಿ, ಉಗುರಿನ ಕೆಳಗೆ ಕಾಣಿಸಿಕೊಳ್ಳುವುದೂ ಉಂಟು. ಆ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ಎಷ್ಟೋ ಸಲ ನಮ್ಮ ಟಿ ಕೋಶಗಳು, ಅಂದರೆ ರೋಗದ ಎದುರು ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಗಡ್ಡೆಯ ಒಳಗೇ ಬಂದಿರುತ್ತವೆ. ಬಂದ ಮೇಲೆ ಗಡ್ಡೆ ಅವನ್ನು ಹೈರಾಣ ಮಾಡುತ್ತದೆ, ಕೆಲವನ್ನು ಕೊಂದೇ ಬಿಡುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಎಣಿಸುವುದೇ ನನ್ನ ಕೆಲಸ.

ನಾವು ಬಳಸುವುದು ಬಿ16 ಎಂಬ ಇಲಿಯ ಮೆಲನೋಮಾ ಕೋಶಗಳನ್ನು. ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಕಾಡಿಗೆಯಂತೆ ಕಪ್ಪಗೆ ಕೂರುತ್ತವೆ. ಅದು ಮೆಲನಿನ್ ಬಣ್ಣ. ಟಿ ಕೋಶಗಳು ಅದೇ ತಳಿಯ ಆರೋಗ್ಯವಂತ ಇಲಿಯ ಗುಲ್ಮದಿಂದ ಬರುತ್ತವೆ. ಅವನ್ನು ಪ್ರತಿಕಾಯ ಕೊಟ್ಟು ಚುರುಕುಗೊಳಿಸಿ, ಮೂರು ಥರ ಇಡುತ್ತೇನೆ: ಟಿ ಕೋಶ ಮಾತ್ರ, ಕ್ಯಾನ್ಸರ್ ಕೋಶದ ಜೊತೆ, ಮತ್ತು ಕ್ಯಾನ್ಸರ್ ಕೋಶದ ಜೊತೆಯೇ, ಆದರೆ ನಡುವೆ ಸಣ್ಣ ತೂತುಗಳ ಪೊರೆ ಇಟ್ಟು. ಪೊರೆ ಇದ್ದರೂ ಟಿ ಕೋಶಗಳು ಕೆಟ್ಟರೆ, ಮುಟ್ಟದೆಯೇ ಏನೋ ಹರಿದು ಬಂದಿದೆ ಎಂದರ್ಥ. ಒಂಟಿಯಾಗಿಟ್ಟ ಟಿ ಕೋಶಗಳೂ ತಮ್ಮಷ್ಟಕ್ಕೆ ಒಂದಿಷ್ಟು ಸಾಯುತ್ತವೆ. ಹಾಗಾಗಿ ಆ ಮೊದಲ ಗುಂಪಿಲ್ಲದೆ ಯಾವ ಲೆಕ್ಕವನ್ನೂ ನಾನು ನಂಬುವುದಿಲ್ಲ.

ಕೋಶಗಳಿಗೆ ಕೊಡುವ ದ್ರಾವಣದಲ್ಲಿ ಫಿನಾಲ್ ರೆಡ್ ಎಂಬ, ಹುಳಿಯಾದರೆ ಹಳದಿಗೆ ತಿರುಗುವ ಬಣ್ಣ ಇರುತ್ತದೆ. ಬಿ16 ದಟ್ಟವಾಗಿ ಬೆಳೆದ ಕಡೆ ಕೆಂಪು ಹೋಗಿ ಹಳದಿ ಬರುತ್ತದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸ್ ಗಬಗಬ ತಿಂದು ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕಿವೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಟಿ ಕೋಶಕ್ಕೆ ಊಟವೂ ಕಡಿಮೆ, ಮೇಲಿಂದ ಹುಳಿ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 6.5ರ ಹತ್ತಿರ ಬಂದರೆ ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ದಾಳಿಯ ಪ್ರೋಟೀನ್ ಸುರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ದೇಹದ ಸಹಜ ಮಟ್ಟವಾದ 7.4ಕ್ಕೆ ತಂದರೆ ಚೇತರಿಸಿಕೊಳ್ಳಬಲ್ಲದು.

ವಿಜಯಪುರದಿಂದ ಬಂದ ನಮ್ಮ ಲ್ಯಾಬಿನ ಹುಡುಗಿ ಒಮ್ಮೆ ಪ್ಲೇಟ್ ನೋಡಿ ಕೇಳಿದಳು: "ಅಕ್ಕಾ, ಇವು ಸತ್ತಾವೋ, ದಣದಾವೋ?"

"ಬರೇ ಕಣ್ಣಿಂದ ತಿಳಿಯೂದಿಲ್ಲವ್ವಾ, ಬಣ್ಣ ಹಚ್ಚಿ ನೋಡೋಣು."

ಸಾಯಲು ಹೊರಟ ಕೋಶದ ಮೈಪೊರೆಯ ಒಳಪದರದ ಒಂದು ಕೊಬ್ಬು ಹೊರಪದರಕ್ಕೆ ಬರುತ್ತದೆ. ಬಣ್ಣ ಹೊತ್ತ ಅನೆಕ್ಸಿನ್ ಎಂಬ ಪ್ರೋಟೀನ್ ಹೋಗಿ ಅದಕ್ಕೇ ಅಂಟುತ್ತದೆ. ಪ್ರೊಪಿಡಿಯಂ ಅಯೋಡೈಡ್ ಎಂಬ ಇನ್ನೊಂದು ಬಣ್ಣ ಹೋಗುವುದು ಮೈಪೊರೆ ಹರಿದ ಕೋಶದೊಳಕ್ಕೆ ಮಾತ್ರ. ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಮೊದಲು ಸಿಡಿ8 ಎಂಬ, ಕ್ಯಾನ್ಸರ್ ಕೋಶ ಕೊಲ್ಲುವ ಬಗೆಯ ಟಿ ಕೋಶಗಳನ್ನು ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಸತ್ತ ಕ್ಯಾನ್ಸರ್ ಕೋಶಗಳೂ ಲೆಕ್ಕಕ್ಕೆ ಸೇರುತ್ತವೆ. ಟಿ ಕೋಶ ಎರಡೂ ಬಣ್ಣ ಹಿಡಿಯದೆ, ಅದರ ಮೈಮೇಲೆ ಪಿಡಿ-1, ಟಿಮ್-3 ಎಂಬ ಬ್ರೇಕ್ ಪ್ರೋಟೀನ್‌ಗಳು ಜಾಸ್ತಿ ಇದ್ದು, ಇಂಟರ್‌ಫೆರಾನ್ ಕಡಿಮೆ ಇದ್ದರೆ ಅದು ಬದುಕಿದೆ, ಆದರೆ ದಣಿದಿದೆ.

ನನ್ನನ್ನು ಇಂದಿಗೂ ಕಾಡುವ ಸಂಗತಿ ಒಂದಿದೆ. ಟಿ ಕೋಶ ದಾಳಿಗೆಂದು ಬಿಟ್ಟ ಇಂಟರ್‌ಫೆರಾನ್‌ನಿಂದಲೇ ಕ್ಯಾನ್ಸರ್ ಕೋಶ ಎಚ್ಚೆತ್ತು ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಏರಿಸಿಕೊಳ್ಳುತ್ತದೆ. ಅದು ಪಿಡಿ-1ಕ್ಕೆ ಕೂತರೆ ಟಿ ಕೋಶಕ್ಕೆ ಬ್ರೇಕ್ ಬೀಳುತ್ತದೆ. ಮೆಲನೋಮಾ ಇದೇ ಪಿಡಿ-ಎಲ್1 ಹೊತ್ತ ಸಣ್ಣ ಚೀಲಗಳನ್ನು ರಕ್ತಕ್ಕೂ ಬಿಡುತ್ತದೆ ಎಂದು 2018ರಲ್ಲಿ ತಿಳಿಯಿತು. ಕೆಲವು ಚೀಲಗಳಲ್ಲಿ ಫಾಸ್ ಲಿಗ್ಯಾಂಡ್ ಎಂಬ ಇನ್ನೊಂದು ಪ್ರೋಟೀನ್ ಇರುತ್ತದೆ. ಅದು ಟಿ ಕೋಶದ ಮೈಮೇಲಿನ ಫಾಸ್ ಎಂಬ ಪ್ರೋಟೀನ್‌ಗೆ ಅಂಟಿದರೆ ಟಿ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಪೊರೆ ಇಟ್ಟರೂ ಸಾವು ದಾಟಿ ಬರಲು ಇದೂ ಒಂದು ದಾರಿ.

ಇಂಥ ಬ್ರೇಕ್‌ಗಳನ್ನು ತೆಗೆಯುವ ದಾರಿ ತೋರಿಸಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ ಅದೇ 2018ರಲ್ಲಿ ನೊಬೆಲ್ ಬಂತು. ಎಷ್ಟೋ ಸಲ ತೊಂದರೆ ಇಮ್ಯುನಿಟಿ ಕಡಿಮೆ ಇದ್ದದ್ದಲ್ಲ, ಅದಕ್ಕೆ ಬ್ರೇಕ್ ಬಿದ್ದದ್ದು. ಹಾಗಾಗಿಯೇ, ಇಮ್ಯುನಿಟಿ ಹೆಚ್ಚಿಸುತ್ತೇವೆ ಎಂದು ಕಷಾಯ, ಪುಡಿ ಮಾರುವವರನ್ನು ನಂಬಿ ಚಿಕಿತ್ಸೆ ಮುಂದೂಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಪಿಡಿ-1 ತಡೆಯುವ ಔಷಧಿಗೂ ಕೆಲಸ ಮಾಡಲು ಜೀವಂತ ಟಿ ಕೋಶ ಬೇಕು. ದಣಿದವುಗಳಲ್ಲಿ ಒಂದಿಷ್ಟು ಮತ್ತೆ ಎದ್ದು ನಿಲ್ಲಬಲ್ಲವು. ಸತ್ತವನ್ನು ಯಾವ ಔಷಧಿಯೂ ಎಬ್ಬಿಸುವುದಿಲ್ಲ.